ಹೊಲ ಯಾರದಿತ್ತು? ಹಳೇ ಪಹಣಿ ಹಿಡಿದು ಹಿಂದಕ್ಕೆ ಹೋಗುವ ಬಗೆ

ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆ ತೊಗರಿ ಹೊಲ ಇರುವ ಯಾರನ್ನೇ ಕೇಳಿ, "ಮುತ್ಯಾನ ಕಾಲದಿಂದ ನಮ್ದೇ" ಅನ್ನುತ್ತಾರೆ. ಮುತ್ಯಾ, ಅಂದರೆ ಅಜ್ಜ, ಉಳುತ್ತಿದ್ದದ್ದು ನಿಜ. ಪಟ್ಟಾ (ಮಾಲೀಕತ್ವದ ದಾಖಲೆ) ಯಾರ ಹೆಸರಲ್ಲಿತ್ತು ಅನ್ನುವುದು ಬೇರೆ ಮಾತು, ಅಲ್ವಾ?

ಮೊದಲು ಈಗಿನ ಪಹಣಿ ತೆಗೆಸಿ. 9ನೇ ಕಾಲಂ ಮಾಲೀಕರದು, 12ನೇದು ಸಾಗುವಳಿಯದು. ಸರ್ವೆ ನಂಬರ್, ಎಂ.ಆರ್. ನಂಬರ್ (ಹಕ್ಕು ಬದಲಾವಣೆಯ ಮ್ಯುಟೇಶನ್ ನಂಬರ್) ಬರೆದುಕೊಂಡು ತಹಸೀಲ್ ಕಚೇರಿಯಲ್ಲಿ ಕೈಬರಹದ ಹಳೇ ಪಹಣಿಗಳ ನಕಲಿಗೆ ಅರ್ಜಿ ಕೊಡಿ. ಹೊಲ ಹಿಸ್ಸಾ (ಪಾಲು) ಆಗಿದ್ದರೆ ಮೂಲ ನಂಬರನ್ನೂ ಹಾಕಿ.

1974ರ ಆಚೀಚೆಯ ವರ್ಷಗಳಲ್ಲಿ ಅವಸರ ಮಾಡಬೇಡಿ. ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನು ಸರಕಾರಕ್ಕೆ ಸೇರಿತು. ಉಳುವವರು ಫಾರಂ 7 ಹಾಕಿ ಭೂ ನ್ಯಾಯಮಂಡಳಿ ಮುಂದೆ ಹಕ್ಕು ಕೇಳಬೇಕಿತ್ತು. ಸಾಗುವಳಿ ಕಾಲಂನಲ್ಲಿ ವರ್ಷಗಟ್ಟಲೆ ಇದ್ದ ಹೆಸರು ಅದಕ್ಕೂ ಸ್ವಲ್ಪ ಮುಂಚೆ ಕಾಣದಾದರೆ ಸುಮ್ನೆ ದಾಟಬೇಡಿ, ಯಾಕೆ ಅಂತ ಊರಲ್ಲಿ ಕೇಳಿ.

ಇನ್ನೂ ಹಿಂದಕ್ಕೆ ಹೋದರೆ 1954-55ರ ಖಾಸ್ರಾ ಪಹಣಿ. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದ್ದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯ ಕಾಗದ ಇದೇ. ಪಟ್ಟೇದಾರ (ಮಾಲೀಕ) ಬೇರೆ, ಕಬ್ಜೇದಾರ (ಹೊಲ ಕೈಯಲ್ಲಿದ್ದವ) ಬೇರೆ ಅಂತ ಇದರಲ್ಲಿ ಎದ್ದು ಕಾಣುತ್ತದೆ. ನಮ್ಮ ಹೊಲದ ಸಾಲಿನಲ್ಲಿ ಪಟ್ಟೇದಾರರು ಊರಿನ ದೊಡ್ಡ ಮನೆಯವರು. ಮುತ್ಯಾನ ಹೆಸರು ಕಬ್ಜೆಯಲ್ಲಿ ಮಾತ್ರ.

ಅದಕ್ಕೂ ಹಳೆಯವು ಜಾಸ್ತಿ ಉರ್ದುವಿನಲ್ಲಿರುತ್ತವೆ, ಓದಲು ಬರುವ ಹಿರಿಯರ ಬಳಿ ಕೂತು ಓದಿಸಿಕೊಳ್ಳಿ. ವರ್ಷ ಫಸ್ಲಿಯಲ್ಲಿದ್ದರೆ (ನಿಜಾಮರ ಕಾಲದ ಕಂದಾಯದ ವರ್ಷ) 590 ಸೇರಿಸಿ: 1358 ಅಂದರೆ 1948-49. ಜಾಗೀರುಗಳು ರದ್ದಾದದ್ದು 1949ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕಾಗದ ಹುಡುಕುವಾಗ ನಿಮ್ಮೂರು ಜಾಗೀರಿನದೋ (ಜಾಗೀರದಾರರ ಕೈಯಲ್ಲಿದ್ದದ್ದು), ದಿವಾನಿಯದೋ (ನೇರ ಸರಕಾರದ್ದು), ನಿಜಾಮರ ಸ್ವಂತ ಸರ್ಫೇಖಾಸೋ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ.

ಕಾಗದ ಹೇಳದ್ದನ್ನು ಮನೆಯ ಹಿರಿಯರು ಹೇಳುತ್ತಾರೆ. ಆದರೆ ಇಸವಿ ಕೇಳಬೇಡಿ. ರಜಾಕಾರರ ಗಲಾಟೆಗೆ ಮುಂಚೆಯೋ, 72ರ ಬರದ ಮೇಲೋ ಅಂತ ಕೇಳಿ. ರಾಶಿಯಾದ ಮೇಲೆ ಕಣದಿಂದ ಜೋಳ ಯಾರ ಬಂಡಿಗೆ ಹೋಗುತ್ತಿತ್ತು? ಬೀಜ ಯಾರದು, ಎತ್ತು ಯಾರದು? ನಮ್ಮ ಆಯಿಗೆ "ಹಗೇವು ಯಾರ ಮನೆ ಮುಂದಿತ್ತು?" ಅಂದೆ. ಹಗೇವು ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿ, ಗುಮ್ಮಿ ಅಂದರೆ ಮನೆಯೊಳಗೆ ಕಾಳಿಡುವ ಕಣಜ. ಬೆರಳು ಮಡಿಸುತ್ತಾ ಮನೆ ಮನೆ ಹೆಸರು ಹೇಳಿದಳು. ನಮ್ಮ ಮನೆಗೆ ಬಂದಾಗ ನಕ್ಕುಬಿಟ್ಟಳು: "ನಮಗೆಲ್ಲಿಯ ಹಗೇವು? ಯುಗಾದಿಗೇ ಗುಮ್ಮಿ ಖಾಲಿ."

ಇಂಥ ಮಾತನ್ನು ಅವರು ಆಡಿದಂತೆಯೇ ಬರೆಯಿರಿ. ಬೇರೆ ವಹಿ ಬೇಡ, ಅದೇ ಸರ್ವೆ ನಂಬರಿನ ನಕಲಿನ ಹಿಂದೆ ಬರೆದಿಡಿ.