ನೂರು ನ್ಯಾನೋಆಂಪ್‌ನಲ್ಲಿ ಹೃದಯದ ಬಡಿತ ಓದಿದ್ದು

ಪೇಸ್‌ಮೇಕರ್‌ಗೆ ಸೆನ್ಸಿಂಗ್ ಆಂಪ್ಲಿಫೈಯರ್, ಅಂದರೆ ಹೃದಯದ ಸಣ್ಣ ಸಿಗ್ನಲ್ ಹಿಗ್ಗಿಸಿ ಓದುವ ಸರ್ಕ್ಯೂಟ್, ಮಾಡಲು ಕೂತಾಗ ಮೊದಲು ಬರೆದದ್ದು ಸರ್ಕ್ಯೂಟ್ ಅಲ್ಲ, ಬ್ಯಾಟರಿಯ ಲೆಕ್ಕ. 1 ಆಂಪಿಯರ್-ಅವರ್ ಬ್ಯಾಟರಿ 10 ವರ್ಷ, ಅಂದರೆ 87,600 ಗಂಟೆ ಬಾಳಬೇಕು. ಇಡೀ ಸಾಧನಕ್ಕೆ ಸರಾಸರಿ 11 ಮೈಕ್ರೋಆಂಪ್ ಚಿಲ್ಲರೆ ಸಿಗುತ್ತದೆ. ಹೃದಯಕ್ಕೆ ಕೊಡುವ ಪಲ್ಸ್, ಡಿಜಿಟಲ್ ಭಾಗ, ರೇಡಿಯೋ ಎಲ್ಲವೂ ಅದರಲ್ಲೇ ಆಗಬೇಕು. ಆಂಪ್ಲಿಫೈಯರ್‌ಗೆ ನಾನು ಎತ್ತಿಟ್ಟದ್ದು 100 ನ್ಯಾನೋಆಂಪ್.

ಅಷ್ಟು ಸಾಕಾಗುತ್ತಾ? ಸಾಕು. ಥರ್ಮಲ್ ನಾಯ್ಸ್, ಅಂದರೆ ಶಾಖದಿಂದ ಸರ್ಕ್ಯೂಟ್‌ನಲ್ಲೇ ಹುಟ್ಟುವ ಗದ್ದಲ, ಅರ್ಧಕ್ಕೆ ಇಳಿಸಬೇಕಾದರೆ ಕರೆಂಟ್ 4 ಪಟ್ಟು ಬೇಕು. ಆದರೆ ಹೃದಯದ ಕೆಳಕೋಣೆಯೊಳಗೆ ಸಿಗುವ ಸಿಗ್ನಲ್ ಹಲವು ಮಿಲಿವೋಲ್ಟ್ ಇರುತ್ತದೆ. 10 ಮೈಕ್ರೋವೋಲ್ಟ್ ನಾಯ್ಸ್ ಇದ್ದರೂ ಬಡಿತ ಸ್ಪಷ್ಟವಾಗಿ ಕಾಣುತ್ತದೆ. ಸುಮ್ನೆ ಕರೆಂಟ್ ಸುರಿಯುವುದೇಕೆ?

ಇನ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯನ್ನು ಸಬ್‌ಥ್ರೆಶೋಲ್ಡ್‌ನಲ್ಲಿ, ಅಂದರೆ ಪೂರ್ತಿ ಆನ್ ಆಗುವ ಥ್ರೆಶೋಲ್ಡ್ ವೋಲ್ಟೇಜ್‌ಗಿಂತ ಕೆಳಗೆ, ಇಟ್ಟೆ. ಕೊಟ್ಟ ಕರೆಂಟ್‌ಗೆ ಅತಿ ಹೆಚ್ಚು ಗೇನ್ ಸಿಗುವುದು ಅಲ್ಲೇ. ಒಂದು ಕರೆಂಟನ್ನು ನಕಲು ಮಾಡಿ ಕೊಡುವ ಕರೆಂಟ್ ಮಿರರ್‌ಗೆ ಮಾತ್ರ ಆ ಜಾಗ ಒಳ್ಳೆಯದಲ್ಲ. ಥ್ರೆಶೋಲ್ಡ್ ವೋಲ್ಟೇಜ್ 5 ಮಿಲಿವೋಲ್ಟ್ ಹೆಚ್ಚುಕಮ್ಮಿಯಾದರೆ ಕರೆಂಟ್ ಸುಮಾರು 15% ಬದಲಾಗುತ್ತದೆ. ಹಾಗಾಗಿ ಮಿರರ್‌ಗಳು ಸಬ್‌ಥ್ರೆಶೋಲ್ಡ್‌ನಿಂದ ಹೊರಗಿರಲಿ ಎಂದು ಅವುಗಳ ಟ್ರಾನ್ಸಿಸ್ಟರ್‌ಗಳನ್ನು ತುಂಬಾ ಉದ್ದವಾಗಿ, ಸಪೂರವಾಗಿ ಎಳೆದೆ. ಚಿಪ್‌ನಲ್ಲಿ ಜಾಗ ಜಾಸ್ತಿ ಹೋಗುತ್ತದೆ, ಹೋಗಲಿ.

ನಿಜವಾದ ಕಷ್ಟ ಸೋರಿಕೆಯದ್ದು, ಅಂದರೆ ಬೇಡದ ಕಡೆ ಹರಿಯುವ ಪುಟ್ಟ ಕರೆಂಟ್‌ನದ್ದು. ಎಲೆಕ್ಟ್ರೋಡ್‌ನ ಡಿಸಿ (ಬದಲಾಗದೆ ನಿಂತಿರುವ) ವೋಲ್ಟೇಜ್ ತಡೆಯುವ ಫಿಲ್ಟರ್ 0.5 ಹರ್ಟ್ಸ್‌ನಲ್ಲಿ ಕೂರಬೇಕಿತ್ತು. 10 ಪಿಕೋಫ್ಯಾರಡ್ ಕೆಪಾಸಿಟರ್ ಜೊತೆ ಅದಕ್ಕೆ ಸುಮಾರು 32 ಗಿಗಾಓಮ್ ರೆಸಿಸ್ಟರ್ ಬೇಕು. ಆಫ್ ಆಗಿರುವ ಎರಡು ಪಿಮಾಸ್ (PMOS) ಬಗೆಯ ಟ್ರಾನ್ಸಿಸ್ಟರ್ ಸೇರಿಸಿ ಮಾಡಿದ ಸ್ಯೂಡೋ ರೆಸಿಸ್ಟರ್ ಅದನ್ನು ಕೊಡುತ್ತದೆ. ಆದರೆ 1 ಪಿಕೋಆಂಪ್ ಸೋರಿದರೂ ಅದರ ಮೇಲೆ 32 ಮಿಲಿವೋಲ್ಟ್ ನಿಲ್ಲುತ್ತದೆ! ಚಿಪ್‌ಗೆ ಸೂಜಿ ಮುಟ್ಟಿಸಿ ಅಳೆಯುವ ಪ್ರೋಬ್ ಸ್ಟೇಷನ್‌ನಲ್ಲಿ ಮೈಕ್ರೋಸ್ಕೋಪ್ ದೀಪ ಹೊತ್ತಿದ್ದಾಗ ಔಟ್‌ಪುಟ್ ಒಂದು ಬದಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ದೀಪ ಆರಿಸಿ ಕಪ್ಪು ಬಟ್ಟೆ ಮುಚ್ಚಿದರೆ ನಿಧಾನವಾಗಿ ನಡುವಿಗೆ ಬರುತ್ತಿತ್ತು. ಬರಿಯ ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಜಂಕ್ಷನ್‌ಗಳಲ್ಲಿ ಕರೆಂಟ್ ಹುಟ್ಟುತ್ತದೆ, ಅಲ್ವಾ? ಸೋರಿಕೆ ಸುಮಾರು ಪ್ರತಿ 10 ಡಿಗ್ರಿಗೆ ಎರಡು ಪಟ್ಟಾಗುತ್ತದೆ. ಅದಕ್ಕೇ ಅಳತೆಯನ್ನೆಲ್ಲಾ ಕತ್ತಲಲ್ಲಿ, 37 ಡಿಗ್ರಿಯಲ್ಲೇ ಮಾಡುತ್ತೇನೆ.

ಇನ್ನೊಂದು ತೊಡಕು. ಸಾಧನ ತಾನೇ ಪಲ್ಸ್ ಕೊಟ್ಟಾಗ ಆಂಪ್ಲಿಫೈಯರ್ ತುಂಬಿಹೋಗುತ್ತದೆ. ಇಷ್ಟು ದೊಡ್ಡ ರೆಸಿಸ್ಟರ್ ಮೂಲಕ ಅದು ಚೇತರಿಸಿಕೊಳ್ಳಲು ಒಂದು ಸೆಕೆಂಡ್ ದಾಟಬಹುದು. ಅಷ್ಟರಲ್ಲಿ ಮುಂದಿನ ಬಡಿತ ಬಂದು ಹೋಗಿರುತ್ತದೆ. ಬೇಗ ಚೇತರಿಸಲೆಂದು ರೆಸಿಸ್ಟರ್‌ಗೆ ಅಡ್ಡಲಾಗಿ ಒಂದು ಸ್ವಿಚ್ ಹಾಕಿದರೆ ಅದೂ ಸೋರುತ್ತದೆ. ಎರಡು ಸ್ವಿಚ್‌ಗಳನ್ನು ಸರಣಿಯಲ್ಲಿ ಹಾಕಿ, ಆಫ್ ಆಗಿರುವಾಗ ಅವುಗಳ ನಡುವಿನ ನೋಡ್ (ಎರಡೂ ಸೇರುವ ಬಿಂದು) ಅನ್ನು ರೆಫರೆನ್ಸ್ ವೋಲ್ಟೇಜ್‌ಗೆ ಕಟ್ಟಿದೆ. ಒಳಬದಿಯ, ಅಂದರೆ ಆಂಪ್ಲಿಫೈಯರ್ ಇನ್‌ಪುಟ್ ಕಡೆಯ, ಸ್ವಿಚ್‌ನ ಎರಡೂ ತುದಿ ಹೆಚ್ಚುಕಡಿಮೆ ಒಂದೇ ವೋಲ್ಟೇಜ್‌ನಲ್ಲಿ ಇರುವುದರಿಂದ ಅದರ ಮೂಲಕ ಹೆಚ್ಚೇನೂ ಸೋರುವುದಿಲ್ಲ.