ಆಟದ ಹಲಗೆಯಲ್ಲಿ ಮುನ್ನೂರು ನಕ್ಷತ್ರ

ಕಾರವಾರದ ಠಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಯುದ್ಧನೌಕೆಯನ್ನು ನೋಡಿ ಬಂದ ಮಕ್ಕಳು ಮನೆಯಲ್ಲಿ ಹಡಗಿನ ಪುಟ್ಟ ಮಾದರಿ ಜೋಡಿಸಲು ಕೂರುವುದು ಹೊಸದೇನಲ್ಲ. ಇಂಥ ಮಾದರಿಗಳನ್ನಿಟ್ಟು ಆಡುವ ಕಾಳಗದಾಟಗಳೂ ಇವೆ. ಅಳತೆಪಟ್ಟಿ ಹಿಡಿದು ನೌಕೆ ಸರಿಸಬೇಕು, ದಾಳ ಉರುಳಿಸಿ ಏಟು ಬಿತ್ತೋ ಇಲ್ಲವೋ ತೀರ್ಮಾನಿಸಬೇಕು. ಅಂತರಿಕ್ಷ ನೌಕೆಗಳ ಸಣ್ಣ ಆಟಕ್ಕೆ 3 ಅಡಿ ಉದ್ದ, 3 ಅಡಿ ಅಗಲದ ಜಾಗ ಸಾಕು. ಅಲ್ಲಿ ಕಪ್ಪು ಬಟ್ಟೆ ಹಾಸಿ ಆಡಬಹುದು. ಆದರೆ ನಿಜವಾಗಿ ಬೆಳಗುವ ನಕ್ಷತ್ರಗಳ ನಡುವೆ ನೌಕೆ ಸಾಗುವ ಸೊಗಸೇ ಬೇರೆ. ಊಟದ ಮೇಜಿನ ಮೇಲಿಟ್ಟು ಆಡಿ, ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದಾದ ಅಂಥದ್ದೊಂದು ಹಲಗೆಯನ್ನು ಮಾಡುವ ಬಗೆ ಇಲ್ಲಿದೆ.

ಹಲಗೆಗೆ ತೂತು ಕೊರೆದು ಅಡಿಯಲ್ಲಿ ಎಲ್‌ಇಡಿ ಪಟ್ಟಿ ಅಂಟಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕರಾವಳಿಯವರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪಟ್ಟಿಯ ಉದ್ದಕ್ಕೂ ಬೆಸುಗೆ, ಉದ್ದಕ್ಕೂ ತಾಮ್ರ. ಉಪ್ಪುಗಾಳಿಗೆ ಎಲ್ಲಿ ಕಿಲುಬು ಹಿಡಿಯಿತೆಂದು ಹುಡುಕುವುದೇ ದೊಡ್ಡ ಕೆಲಸ. ಅದರ ಬದಲು ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ಬಳಸಿ. ಕೊಳವೆಯ ಒಂದು ತುದಿಯಲ್ಲಿ ಬಿಟ್ಟ ನೀರು ಇನ್ನೊಂದು ತುದಿಯಲ್ಲಿ ಬೀಳುವ ಹಾಗೆ, ಎಳೆಯ ಒಂದು ತುದಿಗೆ ಬಿದ್ದ ಬೆಳಕು ಒಳಗೊಳಗೇ ಪ್ರತಿಫಲಿಸುತ್ತ ಸಾಗಿ ಇನ್ನೊಂದು ತುದಿಯಲ್ಲಿ ಚುಕ್ಕೆಯಾಗಿ ಹೊಮ್ಮುತ್ತದೆ. ಎಳೆಗೆ ತುಕ್ಕಿಲ್ಲ, ಶಾಕ್ ಇಲ್ಲ. ಮುನ್ನೂರು ನಕ್ಷತ್ರಕ್ಕೂ ಒಂದೇ ದೀಪ. ವಿದ್ಯುತ್ತು ಇರುವುದು ಒಂದೇ ಕಡೆ, ಕೆಟ್ಟರೆ ಬದಲಿಸಬೇಕಾದ್ದೂ ಅದೊಂದನ್ನೇ.

ಹಲಗೆ ಮತ್ತು ಚೌಕಟ್ಟು

4 ಮಿಲಿಮೀಟರ್ ದಪ್ಪದ ಪ್ಲೈವುಡ್ ತನ್ನಿ. ಅಂಗಡಿಯಲ್ಲಿ ತೇವವನ್ನಷ್ಟೇ ತಡೆಯುವ ಎಂಆರ್ ದರ್ಜೆಯದ್ದು ಅಗ್ಗಕ್ಕೆ ಸಿಗುತ್ತದೆ. ಆದರೆ ನಮ್ಮ ಮಳೆಗಾಲಕ್ಕೆ ಐಎಸ್ 710 ಗುರುತಿರುವ ಬಿಡಬ್ಲ್ಯೂಪಿ ಪ್ಲೈವುಡ್ಡೇ ಸರಿ. ಅದರ ಅಂಟು ಕುದಿಯುವ ನೀರನ್ನೂ ತಡೆಯುತ್ತದೆ. ಮೇಲಿನ ಹಲಗೆಗೊಂದು, ತಳಕ್ಕೊಂದು, ಹೀಗೆ 3 ಅಡಿಯ ಎರಡು ಚೌಕ ಕತ್ತರಿಸಿಕೊಡಲು ಅಂಗಡಿಯವರಿಗೇ ಹೇಳಿ. ಸುತ್ತ 3 ಇಂಚು ಎತ್ತರದ ಮರದ ಚೌಕಟ್ಟು, ಮಧ್ಯೆ ಎರಡು ಅಡ್ಡಪಟ್ಟಿ. ತೆಳು ಹಲಗೆಯ ಮೇಲೆ ಮೊಣಕೈ ಊರಿದರೂ ಬಾಗಬಾರದಲ್ಲ, ಅದಕ್ಕೆ ಅಡ್ಡಪಟ್ಟಿ ಬೇಕೇಬೇಕು. ಎಳೆಗಳು ಹಾದುಹೋಗಲು ಅದರಲ್ಲಿ ಅಲ್ಲಲ್ಲಿ ಕಚ್ಚು ಹಾಕಿಸಿಕೊಳ್ಳಿ. ಊರಿನ ಆಚಾರಿಯವರ ಕೈಯಲ್ಲಿ ಇಷ್ಟು ಅರ್ಧ ದಿನದ ಕೆಲಸ. ತಳದ ಹಲಗೆಗೆ ಮಾತ್ರ ಅಂಟು ಹಾಕಲು ಬಿಡಬೇಡಿ. ಅದು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಲ್ಲಿ ನಿಲ್ಲಲಿ, ಬೇಕೆಂದಾಗ ಬಿಚ್ಚಲು ಬರಲಿ.

ಮೇಲ್ಮೈಗೆ ಶಾಲೆಯ ಕಪ್ಪುಹಲಗೆಗೆ ಬಳಿಯುವ ಬಣ್ಣವೇ ಸಾಕು. ಅದು ಹೊಳೆಯುವುದಿಲ್ಲ, ಕೋಣೆಯ ದೀಪದ ಬಿಂಬ ಅದರಲ್ಲಿ ಮೂಡುವುದಿಲ್ಲ. ಎರಡು ಕೈ ಬಳಿದು ಒಣಗಿದ ಮೇಲೆ, ಬೇಕಿದ್ದರೆ ನೀಲಿ ಮತ್ತು ನೇರಳೆ ಅಕ್ರಿಲಿಕ್ ಬಣ್ಣವನ್ನು ತೀರಾ ತೆಳುವಾಗಿ ಕಲಸಿ ಸ್ಪಂಜಿನಿಂದ ಒತ್ತಿದರೆ ನೀಹಾರಿಕೆಯ ಮಬ್ಬು ಬರುತ್ತದೆ. ಹಲಗೆಯ ಅಂಚುಗಳಿಗೂ ಒಳಮೈಗೂ ಬಣ್ಣ ಬಳಿಯುವುದನ್ನು ಮರೆಯಬೇಡಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ.

ನಕ್ಷತ್ರಗಳ ಲೆಕ್ಕ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಘಟ್ಟ ಇದು. ಎಲ್ಲ ಚುಕ್ಕೆಗಳೂ ಒಂದೇ ಗಾತ್ರದಲ್ಲಿದ್ದರೆ ಅದು ಮದುವೆ ಮಂಟಪದ ಸೀರಿಯಲ್ ಸೆಟ್ ಆಗುತ್ತದೆಯೇ ಹೊರತು ಆಕಾಶವಾಗುವುದಿಲ್ಲ. ಜನವರಿಯ ರಾತ್ರಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಶಿರಸಿ ಕಡೆಯ ಯಾವುದಾದರೂ ಬಯಲಿನಲ್ಲಿ ನಿಂತು ಮೇಲೆ ನೋಡಿ. ಕಣ್ಣು ಕುಕ್ಕುವ ನಕ್ಷತ್ರಗಳು ಬೆರಳೆಣಿಕೆಯಷ್ಟು, ಮಂಕಾದವು ಲೆಕ್ಕವಿಲ್ಲದಷ್ಟು. ಖಗೋಳಶಾಸ್ತ್ರದಲ್ಲಿ ನಕ್ಷತ್ರದ ಕಾಂತಿಯನ್ನು ಅಳೆಯುವ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲು ಇಳಿದರೆ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆ. ಬರಿಗಣ್ಣಿಗೆ ಕಾಣುವ ಮಟ್ಟದವರೆಗೆ, ಹಾಗೆ ಇಳಿದ ಪ್ರತಿ ಮೆಟ್ಟಿಲಿಗೂ ನಕ್ಷತ್ರಗಳ ಸಂಖ್ಯೆ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ.

ಈ ಅನುಪಾತ ನಮ್ಮ ಎಳೆಗಳಿಗೆ ಚೆನ್ನಾಗಿ ಒಗ್ಗುತ್ತದೆ. ಮಾರುಕಟ್ಟೆಯಲ್ಲಿ 0.5, 0.75, 1 ಮತ್ತು 1.5 ಮಿಲಿಮೀಟರ್ ಎಳೆಗಳು ಸಿಗುತ್ತವೆ. ಹೊಮ್ಮುವ ಬೆಳಕು ಎಳೆಯ ತುದಿಯ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ, 1.5ರ ಎಳೆ 0.5ರದಕ್ಕಿಂತ ಒಂಬತ್ತು ಪಟ್ಟು ಬೆಳಕು ಕೊಡುತ್ತದೆ. ನಡುವಿನ ಒಂದೊಂದು ಹೆಜ್ಜೆಯೂ ಸರಿಸುಮಾರು ಎರಡು ಪಟ್ಟು, ಅಂದರೆ ಆಕಾಶದ ಒಂದು ಮೆಟ್ಟಿಲಿಗೆ ಸಮೀಪ. ಹಾಗಾಗಿ ಅತಿ ದಪ್ಪನೆಯವು 8, ನಂತರದವು 25, ಆಮೇಲೆ 70, ತೀರಾ ಸಣ್ಣವು 200. ಒಟ್ಟು 303. ಒಂದು ಎಳೆಗೆ ಸರಾಸರಿ 70 ಸೆಂಟಿಮೀಟರ್ ಹಿಡಿದರೆ ಸುಮಾರು 210 ಮೀಟರ್ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು.

ಇನ್ನು ಚುಕ್ಕೆ ಇಡುವ ಜಾಗ. ಕೈಯಿಂದ ಗುರುತು ಹಾಕುತ್ತ ಹೋದರೆ ನಮಗೇ ತಿಳಿಯದಂತೆ ಸಮಾನ ಅಂತರ ಬಂದುಬಿಡುತ್ತದೆ. ನಿಜವಾದ ಆಕಾಶದಲ್ಲಿ ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಅದಕ್ಕೆ ಕಪ್ಪು ಹಲಗೆಯ ಮೇಲೆ ಒಂದು ಚಿಟಿಕೆ ಬಿಳಿ ಎಳ್ಳು ಎಸೆಯಿರಿ. ಸಾಸಿವೆ ಉರುಳಿಹೋಗುತ್ತದೆ, ಚಪ್ಪಟೆ ಎಳ್ಳು ಬಿದ್ದಲ್ಲೇ ಕೂರುತ್ತದೆ. ಕಾಳಿದ್ದಲ್ಲಿ ಬಿಳಿ ಪೆನ್ಸಿಲ್‌ನಿಂದ ಗುರುತು ಮಾಡಿ. ಇನ್ನೊಂದು ಚಿಟಿಕೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಗೇಣಗಲಕ್ಕೆ ಉದುರಿಸಿದರೆ ಆಕಾಶಗಂಗೆ ಸಿದ್ಧ.

ಗುರುತಿನ ನಕ್ಷತ್ರಪುಂಜ ಇರಬೇಕೇ? ಆಟದ ಕಥೆ ನಮ್ಮ ಸೌರವ್ಯೂಹದ ಒಳಗೇ ನಡೆಯುವುದಾದರೆ ಧಾರಾಳವಾಗಿ ಇಡಿ. ನಕ್ಷತ್ರಗಳು ಎಷ್ಟು ದೂರವೆಂದರೆ, ಶನಿಗ್ರಹದ ಬಳಿಯಿಂದ ನೋಡಿದರೂ ಪುಂಜಗಳ ಆಕಾರ ಬರಿಗಣ್ಣಿಗೆ ಇಲ್ಲಿ ಕಂಡಂತೆಯೇ ಕಾಣುತ್ತದೆ. ನಾನಾದರೆ ಮಹಾವ್ಯಾಧ (ಒರಾಯನ್) ಪುಂಜವನ್ನು ಆರಿಸುತ್ತೇನೆ. ಮೃಗಶಿರ, ಆರ್ದ್ರಾ ಎರಡೂ ಅದರಲ್ಲೇ ಇವೆ, ಎರಡೂ ನಮ್ಮ ರೈತರ ಬಾಯಲ್ಲಿ ಮಳೆಯ ಹೆಸರುಗಳು. ಸೂರ್ಯ ಆ ನಕ್ಷತ್ರದಲ್ಲಿದ್ದಾಗ ಸುರಿಯುವುದೇ ಮೃಗಶಿರ ಮಳೆ. ಆದ್ದರಿಂದ ಆ ಮಳೆಯ ದಿನಗಳಲ್ಲಿ ಮೋಡ ಸರಿದರೂ ಆ ನಕ್ಷತ್ರ ಕಾಣದು. ಆರ್ದ್ರಾ ಕೆಂಪು, ಅದೇ ಪುಂಜದ ರಿಗೆಲ್ ನೀಲಿ ಬೆರೆತ ಬಿಳಿ. ಇಂಥ ದೊಡ್ಡ ಎಳೆಗಳ ತುದಿಗೆ, ಕೊನೆಗೆ, ನೀರಿನಲ್ಲಿ ಕರಗುವ ಗ್ಲಾಸ್ ಪೇಂಟನ್ನು ಒಂದು ತೊಟ್ಟು ಮುಟ್ಟಿಸಿ. ಸಣ್ಣ ನಕ್ಷತ್ರಗಳಿಗೆ ಬಣ್ಣ ಬೇಡ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣವೇ ಕಾಣುವುದಿಲ್ಲ.

ಕೊರೆತ, ಪೋಣಿಸುವಿಕೆ

0.5 ಮತ್ತು 0.75ರ ಎಳೆಗಳಿಗೆ 0.8 ಮಿಲಿಮೀಟರ್ ಬಿಟ್, 1ಕ್ಕೆ 1.2, 1.5ಕ್ಕೆ 1.6. ಸಣ್ಣ ಬಿಟ್‌ಗಳು ಪಟ್ಟನೆ ಮುರಿಯುತ್ತವೆ. ಹೊರಗೆ 8 ಮಿಲಿಮೀಟರ್ ಮಾತ್ರ ಚಾಚುವಂತೆ ಬಿಗಿದು, ಒತ್ತಡ ಹಾಕದೆ, ಡ್ರಿಲ್ಲನ್ನು ನೇರವಾಗಿ ಹಿಡಿದು ಕೊರೆಯಿರಿ.

ಪೋಣಿಸಲು ಇಬ್ಬರು ಬೇಕು. ಹಲಗೆಯನ್ನು ಎರಡು ಕುರ್ಚಿಗಳ ಬೆನ್ನಿಗೆ ನೆಟ್ಟಗೆ ಒರಗಿಸಿ. ಒಬ್ಬರು ಹಿಂದಿನಿಂದ ಎಳೆ ತೂರಿಸಲಿ, ಇನ್ನೊಬ್ಬರು ಮುಂದೆ ಅರ್ಧ ಸೆಂಟಿಮೀಟರ್ ಹೊರಬಂದಾಗ ‘ಸಾಕು’ ಎನ್ನಲಿ. ಹಿಂಭಾಗದಲ್ಲಿ ಒಂದೊಂದು ಹನಿ ಫೆವಿಕಾಲ್. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಕಡೆಗೆ ಕೈ ಹಾಕಬೇಡಿ, ಅದು ತಾಗಿದ ಎಳೆ ಪೆಡಸಾಗಿ ಮುರಿಯುತ್ತದೆ. ಬಿಸಿ ಅಂಟಿನ ಗನ್ನೂ ಅಪಾಯ, ಎಳೆ ಕರಗೀತು. ಒಂದು ಪೂರ್ತಿ ದಿನ ಒಣಗಲು ಬಿಡಿ. ಬಳಿಕ ಮುಂಭಾಗದ ತುದಿಗಳನ್ನು ಉಗುರು ಕತ್ತರಿಯಿಂದ ಹಲಗೆಯ ಮಟ್ಟಕ್ಕೆ ಕತ್ತರಿಸಿ. ಬೆರಳಾಡಿಸಿದರೆ ಏನೂ ತಾಗಬಾರದು. ತಾಗಿದರೆ ನೌಕೆಯ ಪೀಠ ಅಲ್ಲಿ ಓಲಾಡುತ್ತದೆ.

ದೀಪ

ಹಿಂದಿನ ಎಳೆಗಳನ್ನೆಲ್ಲ ಒಟ್ಟು ಸೇರಿಸಿದರೆ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ದಪ್ಪದ ಕಟ್ಟಾಗುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡಿನಲ್ಲಿ ಅದನ್ನು ಬಿಗಿಯಾಗಿ ತೂರಿಸಿ. ಎಳೆಗಳನ್ನು ಚೂಪಾಗಿ ಮಡಚಬೇಡಿ, ತಿರುವು ಅಗಲವಾಗಿರಲಿ. ಕಟ್ಟಿನ ತುದಿಯನ್ನು ಹರಿತವಾದ ಬ್ಲೇಡಿನಿಂದ ಸಮನಾಗಿ ಕತ್ತರಿಸಿ, 400, 1000, 2000 ಸಂಖ್ಯೆಯ ಉಪ್ಪುಕಾಗದಗಳಲ್ಲಿ ಕ್ರಮವಾಗಿ ಉಜ್ಜಿ. ಈ ಉಜ್ಜಾಟಕ್ಕೆ ಸಮಯ ಕೊಡಿ. ತುದಿ ಒರಟಾಗಿದ್ದರೆ ಬೆಳಕು ಒಳಹೋಗದೆ ಚದುರುತ್ತದೆ.

ಎದುರಿಗೆ 12 ವೋಲ್ಟ್‌ನ, 5 ವಾಟ್ ಎಲ್‌ಇಡಿ, ಹಿಂದೆ ಶಾಖ ಹೀರಿ ಹೊರಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್. ಶಾಖ ತಾಗದಂತೆ ಕಟ್ಟಿಗೂ ದೀಪಕ್ಕೂ ಒಂದು ಸೆಂಟಿಮೀಟರ್ ಅಂತರವಿರಲಿ. ಇಷ್ಟಕ್ಕೆ ಅರ್ಧ ಆಂಪಿಯರೂ ಬೇಡ, 1 ಆಂಪಿಯರ್ ಅಡಾಪ್ಟರ್ ಧಾರಾಳ. ಅಡಾಪ್ಟರ್ ಹಲಗೆಯ ಹೊರಗೇ ಇರಲಿ, 230 ವೋಲ್ಟ್ ಯಾವ ಕಾರಣಕ್ಕೂ ಒಳಗೆ ಬರಕೂಡದು. ನಡುವೆ ಡಿಮ್ಮರ್ ಖಂಡಿತ ಹಾಕಿ. ಪೂರ್ತಿ ಬೆಳಕಿನಲ್ಲಿ ಚುಕ್ಕೆಗಳು ಕಣ್ಣಿಗೆ ಚುಚ್ಚಿ, ಎಷ್ಟೋ ಸಂಜೆ ಕೂತು ಬಣ್ಣ ಹಚ್ಚಿದ ನೌಕೆಗಳೇ ಮಂಕಾಗುತ್ತವೆ. ದಾಳದ ಚುಕ್ಕಿ ಓದಲು ಆಗುವಷ್ಟು ಕೋಣೆಯ ಬೆಳಕಿರಲಿ, ನಕ್ಷತ್ರಗಳು ಅದಕ್ಕಿಂತ ಒಂದಿಷ್ಟೇ ಎದ್ದು ಕಾಣಲಿ.

ನಕ್ಷತ್ರ ಮಿನುಗಿಸಲು ದೀಪದ ಮುಂದೆ ತಿರುಗುವ ಚಕ್ರವನ್ನೂ ಮಾರುತ್ತಾರೆ. ಬಾಹ್ಯಾಕಾಶದ ಆಟಕ್ಕೆ ಅದು ಬೇಡ. ನಕ್ಷತ್ರ ಮಿನುಗುವುದು ಭೂಮಿಯ ಗಾಳಿಯ ಕಲಕಾಟದಿಂದ. ಗಾಳಿಯೇ ಇಲ್ಲದಲ್ಲಿ ಅದು ನಿಶ್ಚಲವಾಗಿ ಬೆಳಗುತ್ತದೆ.

ಮಳೆಗಾಲದ ಕಾಳಜಿ

ಚೌಕಟ್ಟಿನ ಎದುರುಬದುರು ಬದಿಗಳಲ್ಲಿ ಗಾಳಿಗೆ ಎರಡೆರಡು ತೂತು ಬಿಟ್ಟು ಸೊಳ್ಳೆಪರದೆಯ ಜಾಲರಿ ಬಡಿಯಿರಿ, ಇಲ್ಲದಿದ್ದರೆ ಹಲ್ಲಿಯೂ ಇರುವೆಯೂ ಒಳಗೆ ಮನೆ ಮಾಡುತ್ತವೆ. ಒಳಗೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೆಸುಗೆಗಳ ಮೇಲೆ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಏರಿಸಿ. ಹಲಗೆಯನ್ನು ಅಟ್ಟದಲ್ಲಿ ಮಲಗಿಸುವುದಕ್ಕಿಂತ ಒಳಗೋಡೆಗೆ, ನೆಲದಿಂದ ಎರಡಿಂಚು ಎತ್ತರಿಸಿ ನಿಲ್ಲಿಸುವುದು ಲೇಸು. ಬೂಷ್ಟು, ಗೆದ್ದಲು ಎರಡರ ಕಾಟವೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಒಂದೆರಡು ತಾಸು ದೀಪ ಹಚ್ಚಿಡಿ. ದಸರೆಯ ಹೊತ್ತಿಗೆ ತಳ ಬಿಚ್ಚಿ, ಒಳಗನ್ನು ಒಣಬಟ್ಟೆಯಿಂದ ಒರೆಸಿ, ಪೊಟ್ಟಣ ಬದಲಿಸಿ.

ದೊಡ್ಡ ನೌಕಾಪಡೆಗಳ ಆಟಕ್ಕೆ 6 ಅಡಿ ಉದ್ದ ಬೇಕಾದಾಗ ದೊಡ್ಡ ಹಲಗೆ ಮಾಡಲು ಹೋಗಬೇಡಿ. ಇಂಥದ್ದೇ ಇನ್ನೊಂದನ್ನು ಮಾಡಿ ಪಕ್ಕದಲ್ಲಿಡಿ. ಎರಡಕ್ಕೂ ಪ್ರತ್ಯೇಕ ದೀಪ, ಪ್ರತ್ಯೇಕ ಡಿಮ್ಮರ್. ಎಳ್ಳು ಎಸೆಯುವಾಗ ಮಾತ್ರ ಎರಡನ್ನೂ ಜೋಡಿಸಿಟ್ಟು ಒಟ್ಟಿಗೇ ಎಸೆಯಿರಿ, ಆಕಾಶಗಂಗೆ ಕೂಡುಗೆರೆಯಲ್ಲಿ ತುಂಡಾಗದು.