ವಾಚಿನ ಜಿಪಿಎಸ್ ಕೆಟ್ಟಾಗ ಮೊದಲು ಮ್ಯಾಪಿನ ಗೆರೆ ನೋಡಿ

ವಾಚಿನ ಜಿಪಿಎಸ್ ಸರಿ ಇಲ್ಲ ಅಂದ ಕೂಡಲೇ ನಮ್ಮ ರನ್ನಿಂಗ್ ಗುಂಪಿನಲ್ಲಿ ಸಿಗುವ ಉತ್ತರ ಒಂದೇ: ರೀಸ್ಟಾರ್ಟ್ ಮಾಡಿ, ಆಗಲಿಲ್ಲ ಅಂದ್ರೆ ರೀಸೆಟ್ ಮಾಡಿ. ರೀಸ್ಟಾರ್ಟ್ ಮಾಡಿ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ರೀಸೆಟ್ ಮಾಡಿದರೆ ಸೆಟ್ಟಿಂಗ್ ಎಲ್ಲ ಹೋಗುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ನಾನು ಮಾಡುವ ಮೊದಲ ಕೆಲಸ, ಓಡಿದ ದಾರಿ ಅಂತ ವಾಚ್ ಮ್ಯಾಪಿನಲ್ಲಿ ಎಳೆದ ಗೆರೆಯನ್ನು ದೊಡ್ಡದು ಮಾಡಿ ನೋಡುವುದು. ಗೆರೆ ಎಲ್ಲಿ ಕೆಟ್ಟಿದೆ, ಯಾವ ಥರ ಕೆಟ್ಟಿದೆ ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ.

ನನ್ನ ಭಾನುವಾರದ ದಾರಿ ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ, ಕಸ್ತೂರಬಾ ರಸ್ತೆ, ವಿಠ್ಠಲ್ ಮಲ್ಯ ರಸ್ತೆ. ಒಂದೇ ಓಟದಲ್ಲಿ ಮೂರ್ನಾಲ್ಕು ಬಗೆಯ ತೊಂದರೆ ಒಟ್ಟಿಗೆ ಕಾಣಿಸುವ ದಾರಿ ಇದು. ಶುರುವಿನಲ್ಲಿ ಗೆರೆ ಅಡ್ಡಾದಿಡ್ಡಿ. ಪಾರ್ಕಿನೊಳಗಿನ ತಿರುವುಗಳೆಲ್ಲ ಕತ್ತರಿಸಿದ ಹಾಗೆ ನೇರ. ಮೆಟ್ರೋ ಸೇತುವೆ ಕೆಳಗೆ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, ಹುಚ್ಚುಹುಚ್ಚಾಗಿ ಏರಿಳಿತ. ಎತ್ತರದ ಕಟ್ಟಡಗಳ ಹತ್ತಿರ ಬಂದರೆ ನಾನು ಕಾಂಪೌಂಡ್ ಒಳಗೆ ಓಡಿದಂತೆ ಗೆರೆ. ಇವು ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಶುರುವಿನ ತೊಂದರೆಯನ್ನು ಮೊದಲು ಹಿಡಿದೆ, ಏಕೆಂದರೆ ಹೆಚ್ಚು ಜನರಿಗೆ ಇರುವುದು ಇದೇ. ವಾಚ್ ತಾನು ಎಲ್ಲಿದೆ ಅಂತ ಲೆಕ್ಕ ಹಾಕಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಿಗ್ನಲ್ ಬೇಕು. ಜೊತೆಗೆ ಆ ಉಪಗ್ರಹಗಳು ಆಕಾಶದಲ್ಲಿ ಎಲ್ಲಿವೆ ಅನ್ನುವ ಮಾಹಿತಿಯೂ ಬೇಕು. ಪ್ರತಿ ಜಿಪಿಎಸ್ ಉಪಗ್ರಹ ತನ್ನ ಈ ಮಾಹಿತಿಯನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ದೊಡ್ಡ ಮರದ ಕೆಳಗೆ ನಿಂತಾಗ ಸಿಗ್ನಲ್ ಮಧ್ಯೆ ಕಡಿದರೆ, ತಪ್ಪಿಹೋದ ಭಾಗ ಮತ್ತೆ ಬರುವವರೆಗೆ ವಾಚ್ ಕಾಯಬೇಕು. ಇಷ್ಟೆಲ್ಲ ಕಾಯುವುದು ಬೇಡ ಅಂತಲೇ ವಾಚ್ ಕಂಪನಿಗಳು ಮುಂದಿನ ಕೆಲವು ದಿನಗಳ ಮಾಹಿತಿಯನ್ನು ಒಂದು ಚಿಕ್ಕ ಫೈಲಿನಲ್ಲಿ ಫೋನ್ ಮೂಲಕ ಕಳಿಸುತ್ತವೆ. ಫೋನಿನ ಜೊತೆ ಸಿಂಕ್ ಆದಾಗ ಅದು ವಾಚಿಗೆ ಇಳಿಯುತ್ತದೆ.

ನನ್ನ ವಾಚಿಗೆ ಅದು ಇಳಿಯುತ್ತಲೇ ಇರಲಿಲ್ಲ. ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್, ವಾಚಿನ ಆ್ಯಪನ್ನು ರಾತ್ರಿಯೆಲ್ಲ ಮಲಗಿಸಿಬಿಡುತ್ತಿತ್ತು. ಆ್ಯಪ್ ತೆರೆದಾಗ ಹಳೆಯ ಓಟಗಳೆಲ್ಲ ಕಾಣಿಸುತ್ತಿದ್ದರಿಂದ ಸಿಂಕ್ ಆಗುತ್ತಿದೆ ಅಂತಲೇ ಯಾರಿಗಾದರೂ ಅನಿಸುತ್ತದೆ. ವಾಚಿನ ಸಿಸ್ಟಮ್ ಮಾಹಿತಿಯಲ್ಲಿ ಉಪಗ್ರಹ ಫೈಲಿನ ಸ್ಥಿತಿ ತೋರಿಸುವ ಸಾಲೊಂದಿತ್ತು, ಅದರಲ್ಲಿ ಅವಧಿ ಮುಗಿದಿದೆ ಅಂತಿತ್ತು. ಫೋನಿನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದೆ. ಈಗ ಓಟದ ಹಿಂದಿನ ರಾತ್ರಿ ಆ್ಯಪ್ ತೆರೆದು ಒಂದು ಸಲ ಸಿಂಕ್ ಮಾಡಿಯೇ ಮಲಗುವುದು. ಬೆಳಿಗ್ಗೆ ಮರದ ನೆರಳು ಬಿಟ್ಟು ಬಯಲಿನಲ್ಲಿ ನಿಲ್ಲುತ್ತೇನೆ. ಸಿಗ್ನಲ್ ಸಿಕ್ಕಿದೆ ಅಂತ ವಾಚಿನಲ್ಲಿ ಹಸಿರು ಬಂದ ತಕ್ಷಣ ಓಡುವುದಿಲ್ಲ, ಇನ್ನೂ ಒಂದೆರಡು ನಿಮಿಷ ಬಿಡುತ್ತೇನೆ. ಹಸಿರು ಅಂದರೆ ಲೆಕ್ಕಕ್ಕೆ ಬೇಕಾದಷ್ಟು ಸಿಕ್ಕಿವೆ ಅಂತ ಅಷ್ಟೇ. ಆಮೇಲೆ ಇನ್ನಷ್ಟು ಉಪಗ್ರಹ ಸೇರಿದಷ್ಟೂ ಒಳ್ಳೆಯದು. ಆ ಹೊತ್ತಿನಲ್ಲಿ ವಾರ್ಮ್ ಅಪ್ ಮುಗಿಯುತ್ತದೆ, ಹೇಗೂ ಮಾಡಲೇಬೇಕಲ್ವಾ?

ತಿರುವು ಕತ್ತರಿಸುವ ತೊಂದರೆಯ ಮೂಲ ಸಿಕ್ಕಿದ್ದು ಓಟದ ದಾರಿಯನ್ನು ಬಿಂದು ಬಿಂದುವಾಗಿ ಬರೆದಿಟ್ಟ ಜಿಪಿಎಕ್ಸ್ ಫೈಲಿನಲ್ಲಿ. ಆ್ಯಪಿನಿಂದ ಅದನ್ನು ಇಳಿಸಿಕೊಂಡು ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು, ಬೇರೆ ಸಾಫ್ಟ್‌ವೇರ್ ಬೇಡ. ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ, ಸಮಯ ಸಾಲಾಗಿ ಬರೆದಿರುತ್ತದೆ. ದಶಾಂಶದ ನಂತರ ಐದನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು ಒಂದು ಮೀಟರ್. ನಾನು ನೋಡಿದ್ದು ಸಮಯವನ್ನು. ಒಂದು ಬಿಂದುವಿಗೂ ಮುಂದಿನದಕ್ಕೂ ನಡುವೆ ಐದಾರು ಸೆಕೆಂಡ್ ಅಂತರ ಇತ್ತು. ಕಿಲೋಮೀಟರಿಗೆ ಆರು ನಿಮಿಷದ ಪೇಸಿನಲ್ಲಿ ಐದು ಸೆಕೆಂಡಿಗೆ ಸುಮಾರು 14 ಮೀಟರ್ ಓಡಿರುತ್ತೇವೆ. ಕಬ್ಬನ್ ಪಾರ್ಕಿನ ಸಣ್ಣ ತಿರುವು ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ! ರೆಕಾರ್ಡಿಂಗ್ ಸೆಟ್ಟಿಂಗ್ 'ಸ್ಮಾರ್ಟ್' ಅಂತಿದ್ದದ್ದನ್ನು 'ಪ್ರತಿ ಸೆಕೆಂಡ್' ಮಾಡಿದೆ. ಗೆರೆ ದಾರಿಯ ಮೇಲೆ ಕೂತಿತು. ಬ್ಯಾಟರಿ ಉಳಿಸುವ ಅಲ್ಟ್ರಾ ಮೋಡ್‌ಗಳೂ ಇದೇ ಥರ ಗೆರೆ ಕೆಡಿಸುತ್ತವೆ. ಇಡೀ ದಿನದ ಚಾರಣಕ್ಕೆ ಅವು ಸರಿ, ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ಓಡುವ ಇಂಟರ್ವಲ್ ಓಟಕ್ಕೆ ಬೇಡವೇ ಬೇಡ.

ಕಟ್ಟಡಗಳ ಹತ್ತಿರದ ಕಥೆ ಬೇರೆ. ಅಲ್ಲಿ ಸಿಗ್ನಲ್ ಬರುತ್ತದೆ, ಆದರೆ ಗಾಜಿಗೆ, ಗೋಡೆಗೆ ಬಡಿದು ಸುತ್ತಿ ಬರುತ್ತದೆ. ವಾಚ್ ಅಳೆಯುವುದು ಸಿಗ್ನಲ್ ಬರಲು ಹಿಡಿದ ಸಮಯವನ್ನು. ಸುತ್ತಿ ಬಂದದ್ದಕ್ಕೆ ಸಮಯ ಜಾಸ್ತಿ, ಹಾಗಾಗಿ ದೂರವೂ ಜಾಸ್ತಿ ಅಂತ ಅದು ತಿಳಿಯುತ್ತದೆ. ಇದಕ್ಕೆ ನಿಜವಾದ ಪರಿಹಾರ ಡ್ಯುಯಲ್ ಬ್ಯಾಂಡ್. ಹಳೆಯ ವಾಚುಗಳು ಎಲ್1 ಅನ್ನುವ ಒಂದೇ ತರಂಗಾಂತರ ಕೇಳುತ್ತವೆ. ಡ್ಯುಯಲ್ ಬ್ಯಾಂಡ್ ಇರುವ ಹೊಸವು ಎಲ್5 ಅನ್ನೂ ಕೇಳುತ್ತವೆ. ಎಲ್5 ಸಿಗ್ನಲಿನ ಕೋಡ್ ಹತ್ತು ಪಟ್ಟು ವೇಗದ್ದು, ಆದ್ದರಿಂದ ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಅಂತ ಬೇರೆ ಮಾಡುವುದು ಸುಲಭ. ಒಂದು ಖುಷಿಯ ವಿಷಯ: ಜಿಪಿಎಸ್ ಥರದ್ದೇ ನಮ್ಮ ದೇಶದ ವ್ಯವಸ್ಥೆಯಾದ ಇಸ್ರೋದ ನಾವಿಕ್ ಉಪಗ್ರಹಗಳು ಮೊದಲಿನಿಂದಲೂ ಎಲ್5ನಲ್ಲಿ ಸಿಗ್ನಲ್ ಕಳಿಸುತ್ತಿವೆ. 2023ರ ಮೇ ತಿಂಗಳಲ್ಲಿ ಹಾರಿಸಿದ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ಎಲ್1 ಕೂಡ ಸೇರಿತು. ನಾವಿಕ್‌ನ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ.

ಗೆಳೆಯರೊಬ್ಬರ ಡ್ಯುಯಲ್ ಬ್ಯಾಂಡ್ ವಾಚನ್ನು ಒಂದು ಕೈಗೆ, ನನ್ನದನ್ನು ಇನ್ನೊಂದು ಕೈಗೆ ಕಟ್ಟಿ ಅದೇ ದಾರಿ ಓಡಿದೆ. ವಿಠ್ಠಲ್ ಮಲ್ಯ ರಸ್ತೆಯಲ್ಲಿ ಅವರದು ರಸ್ತೆ ಬಿಡಲಿಲ್ಲ, ನನ್ನದು ಕಾಂಪೌಂಡಿನೊಳಗೇ ಹೋಯಿತು. ಪಾರ್ಕಿನ ಬಯಲಿನಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಹಾಗಾಗಿ ಊರ ಕಡೆ ಗದ್ದೆ ರಸ್ತೆಯಲ್ಲೋ ಕೆರೆ ಏರಿಯ ಮೇಲೋ ಓಡುವವರು ಇದಕ್ಕೋಸ್ಕರ ಸುಮ್ನೆ ಹೊಸ ವಾಚ್ ಕೊಳ್ಳುವ ಅಗತ್ಯ ಇಲ್ಲ.

ಮೆಟ್ರೋ ಕೆಳಗಿನ ಓಟಕ್ಕೆ ಯಾವ ಸೆಟ್ಟಿಂಗೂ ಕೆಲಸ ಮಾಡಲಿಲ್ಲ. ತಲೆಯ ಮೇಲೆ ಕಾಂಕ್ರೀಟ್ ಇದ್ದರೆ ಆಕಾಶ ಕಾಣುವುದಿಲ್ಲ, ಅಷ್ಟೇ. ಹೆಜ್ಜೆಗಳಿಂದ ವೇಗ ಅಳೆಯುವ ಚಿಕ್ಕ ಸೆನ್ಸರ್ ಆದ ಫುಟ್ ಪಾಡನ್ನು ಶೂಗೆ ಹಾಕಿ, ಪೇಸನ್ನು ಅದರಿಂದ ತೆಗೆದುಕೊಳ್ಳುವ ಹಾಗೆ ಮಾಡಿಕೊಂಡೆ. ಅದನ್ನು ಹೊಂದಿಸಿದ್ದು ಕಂಠೀರವ ಕ್ರೀಡಾಂಗಣದ ಟ್ರ್ಯಾಕಿನಲ್ಲಿ, ಮೊದಲನೇ ಲೇನಿನಲ್ಲಿ. ಲೇನ್ ಗಮನಿಸಿ: ಮೊದಲನೆಯದು 400 ಮೀಟರ್, ಎರಡನೆಯದು ಸುಮಾರು 407, ಎಂಟನೆಯದು ಸುಮಾರು 453. ಹೊರಗಿನ ಲೇನಿನಲ್ಲಿ ಓಡಿ ವಾಚ್ ಜಾಸ್ತಿ ತೋರಿಸುತ್ತದೆ ಅನ್ನುವವರು ಬಹಳ ಜನ.

ರೇಸಿನ ವಿಷಯದಲ್ಲೂ ಇದೇ ಗೊಂದಲ. 10 ಕಿಲೋಮೀಟರ್ ರೇಸಿನಲ್ಲಿ ವಾಚ್ 10.12 ತೋರಿಸಿದರೆ ಅದು ತೊಂದರೆ ಅಲ್ಲ. ಪ್ರಮಾಣಿತ ದಾರಿಯನ್ನು ಸೈಕಲ್ಲಿನಲ್ಲಿ, ತಿರುವಿನ ಒಳ ಅಂಚು ಹಿಡಿದು, ಅತಿ ಹತ್ತಿರದ ದಾರಿಯಲ್ಲೇ ಅಳೆಯುತ್ತಾರೆ. ಕಡಿಮೆ ಆಗಬಾರದು ಅಂತ ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, 10 ಕಿಲೋಮೀಟರಿಗೆ 10 ಮೀಟರ್. ನಾವು ಜನರನ್ನು ದಾಟುತ್ತಾ, ನೀರಿನ ಟೇಬಲ್ ಕಡೆ ಹೋಗುತ್ತಾ ಅದಕ್ಕಿಂತ ಜಾಸ್ತಿ ಓಡಿರುತ್ತೇವೆ. ಅಷ್ಟು ಕಾಳಜಿಯಿಂದ ಅಳೆದವರನ್ನು ಕೈಗಡಿಯಾರ ನೋಡಿ ಬೈಯುವುದು ನ್ಯಾಯವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಸರಿಯಾಗದಿದ್ದರೆ ಬಯಲಿಗೆ ಹೋಗಿ. ಮರ, ಕಟ್ಟಡ ಇಲ್ಲದ ಮೈದಾನದಲ್ಲಿ, ಸಿಂಕ್ ಆದ ವಾಚಿನ ಜೊತೆ ಇನ್ನೊಬ್ಬರ ವಾಚನ್ನೂ ಕಟ್ಟಿಕೊಂಡು ಅರ್ಧ ಗಂಟೆ ಓಡಿ. ಕೈ ಬದಲಿಸಿ ಇನ್ನೊಮ್ಮೆ ಓಡಿ. ಎರಡೂ ಸಲ ನಿಮ್ಮದೇ ದಾರಿ ಬಿಟ್ಟು ಹೋದರೆ ಆಂಟೆನಾ ಕೆಟ್ಟಿರಬಹುದು. ಆಗ ನಾಲ್ಕೂ ಜಿಪಿಎಕ್ಸ್ ಫೈಲ್ ತೆಗೆದುಕೊಂಡು ವಾರಂಟಿ ಮುಗಿಯುವ ಮೊದಲು ಸರ್ವಿಸ್ ಸೆಂಟರಿಗೆ ಕೊಡಿ.